ಕಡಲ ಔಷಧಿ ಕಲಸಿದ ವರ್ಷಗಳು

ಔಷಧಿ ಕೊಡುವ ಕೆಲಸಕ್ಕೆ ಸೇರಿದಾಗ ನಾನು ಸಮುದ್ರ ನೋಡಿದವಳಲ್ಲ. ಹರಿಹರದಲ್ಲಿ ಹುಟ್ಟಿ ಬೆಳೆದವಳಿಗೆ ತುಂಗಭದ್ರೆಯೇ ದೊಡ್ಡ ನೀರು. ಆದರೆ ದಾವಣಗೆರೆಯ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ, ಇಂಜೆಕ್ಷನ್ ಸಿದ್ಧಮಾಡುವ ಕೋಣೆಯಲ್ಲಿ, ನನ್ನ ಕೈ ದಾಟಿ ಹೋದ ಕೆಲವು ಔಷಧಿಗಳ ಮೂಲ ಇದ್ದದ್ದು ಸಮುದ್ರದ ತಳದಲ್ಲಿ. ಇದು ಗೊತ್ತಾಗುವುದಕ್ಕೇ ನನಗೆ ಬಹಳ ವರ್ಷ ಬೇಕಾಯಿತು.

ನಿವೃತ್ತಿಯಾದ ಮೇಲೆ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಫಾರ್ಮಸಿ ಓದಿದ ಹುಡುಗಿಯರು ಆಗಾಗ ಬರುತ್ತಾರೆ. ಕ್ಯಾನ್ಸರ್ ವಾರ್ಡಿಗೆ ಪೋಸ್ಟಿಂಗ್ ಬಂದಿದೆ, ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಡ್ಯೂಟಿ ವೇಳೆ, ರಜೆ, ಸಂಬಳ ಇವನ್ನೆಲ್ಲ ಯಾರು ಬೇಕಾದರೂ ಹೇಳಿಯಾರು. ನನಗೆ ನೆನಪಿರುವುದು ಮನುಷ್ಯರು. ಅವರ ವಿಷಯವನ್ನೇ ಇಲ್ಲಿ ಬರೆಯುತ್ತೇನೆ.

ಆಸ್ಪತ್ರೆಗೆ ಸೇರುವ ಮೊದಲು ಕೆಲವು ವರ್ಷ ಒಂದು ಮೆಡಿಕಲ್ ಶಾಪಿನಲ್ಲಿದ್ದೆ. ಅಲ್ಲಿಗೆ ಆನಗೋಡಿನಿಂದ ಒಬ್ಬ ನಿವೃತ್ತ ಟೀಚರಮ್ಮ ಬರುತ್ತಿದ್ದರು. ಮೊಣಕಾಲು ನೋವು. ಗ್ಲುಕೋಸಮೈನ್ ಎಂಬ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ಒಯ್ಯುತ್ತಿದ್ದರು. ಒಂದು ದಿನ ಡಬ್ಬಿಯನ್ನು ಕನ್ನಡಕದ ಹತ್ತಿರ ಹಿಡಿದು, ಇದರ ಮೇಲೆ ಹಸಿರು ಚುಕ್ಕೆ ಬದಲು ಕಂದು ಚುಕ್ಕೆ ಯಾಕಿದೆ ಎಂದು ಕೇಳಿದರು. ಅವರು ಬೆಳ್ಳುಳ್ಳಿ ಕೂಡ ಮುಟ್ಟದ ಮನೆಯವರು. ಅಂಗಡಿಯ ಮಾಲೀಕರು ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದರು. ನಾನು ಹೇಳಿಬಿಟ್ಟೆ. ಸಮುದ್ರದ ಸಿಗಡಿ, ಏಡಿಗಳ ಚಿಪ್ಪಿನಿಂದ ಮಾಡುತ್ತಾರೆ ಎಂದೆ.

ಟೀಚರಮ್ಮ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹೊರಟುಹೋದರು. ಮಾಲೀಕರು ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ಒಂದೆರಡು ತಿಂಗಳಾದ ಮೇಲೆ ಆಕೆ ಮತ್ತೆ ಬಂದರು. ಮೆಕ್ಕೆಜೋಳದಿಂದ ಮಾಡಿದ ಅದೇ ಬಗೆಯ ಮಾತ್ರೆ ಬಂದಿದೆ, ತರಿಸಿಕೊಡಲೇ ಎಂದು ಕೇಳಿದೆ. ಬೇಡ ಎಂದರು. "ಅದನ್ನ ಬಿಟ್ಟ ಮ್ಯಾಲೂ ಮೊಣಕಾಲು ಅಷ್ಟೇ ನೋಯ್ತೈತಮ್ಮ. ತಗಂಡಾಗ್ಲೂ ಅಷ್ಟೇ ನೋಯ್ತಿತ್ತು. ನಾನೇ ಗಮನಿಸಿರ್ಲಿಲ್ಲ." ಆಮೇಲೆ ತಮ್ಮ ಬಿ.ಪಿ. ಮಾತ್ರೆಗಳನ್ನೆಲ್ಲ ಒಂದೊಂದಾಗಿ ತೆಗೆದು, ಇದು ಯಾವುದರಿಂದ, ಅದು ಯಾವುದರಿಂದ ಎಂದು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಅಲ್ಲಿಂದ ಮುಂದೆ ಆಕೆ ನನ್ನನ್ನು ಬಿಟ್ಟು ಬೇರೆಯವರ ಕೈಯಿಂದ ಔಷಧಿ ತೆಗೆದುಕೊಳ್ಳುತ್ತಿರಲಿಲ್ಲ. ಮಾಲೀಕರೂ ನಿಧಾನವಾಗಿ ಸರಿಹೋದರು.

ಆಸ್ಪತ್ರೆಯಲ್ಲಿ ನನ್ನ ಮೇಲಧಿಕಾರಿ ಶಿವಮೂರ್ತಿ ಸರ್, ಮುಖ್ಯ ಫಾರ್ಮಸಿಸ್ಟ್. ನಾನು ಸೇರಿದ ಹೊಸದರಲ್ಲಿ ಕ್ಯಾನ್ಸರ್ ಔಷಧಿ ಕಲಸಲು ಈಗಿನಂತೆ ಗಾಜಿನ ಕ್ಯಾಬಿನೆಟ್ ಇರಲಿಲ್ಲ. ವಾರ್ಡಿನ ಪಕ್ಕದ ಸಣ್ಣ ಕೋಣೆ, ಒಂದು ಸ್ಟೀಲ್ ಮೇಜು, ಒಂದು ಕಿಟಕಿ. ಸರ್ ಮೊದಲು ಫ್ಯಾನ್ ಆರಿಸುತ್ತಿದ್ದರು, ಆಮೇಲೆ ಕಿಟಕಿ ಮುಚ್ಚುತ್ತಿದ್ದರು. ಬಾಟಲಿನ ಮೇಲಿನ ಹೆಸರನ್ನು ಅವರೊಮ್ಮೆ ಗಟ್ಟಿಯಾಗಿ ಓದಬೇಕು, ನಾನೊಮ್ಮೆ ಓದಬೇಕು. ಮೇ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಗೌನು, ಗ್ಲೌಸು, ಮಾಸ್ಕ್ ತೊಟ್ಟು ಫ್ಯಾನಿಲ್ಲದೆ ನಿಂತರೆ ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸುವಂತಿಲ್ಲ, ಕೈಯಲ್ಲಿರುವುದು ವಿಷ. ಒಂದು ಹನಿ ಚರ್ಮಕ್ಕೆ ಬಿದ್ದರೂ ಅಪಾಯ.

ಕೊನೆಗೂ ಕ್ಯಾಬಿನೆಟ್ ಬಂದಾಗ ಸರ್ ಅವರ ನಿವೃತ್ತಿಗೆ ಸ್ವಲ್ಪವೇ ದಿನ ಉಳಿದಿತ್ತು. ಗಾಳಿಯನ್ನು ತಾನೇ ಒಳಗೆಳೆದು ಸೋಸುವ ಆ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಕೈಗಳನ್ನು ಒಳಗೆ ತೂರಿಸಿ ಸುಮ್ಮನೆ ಇಟ್ಟುಕೊಂಡಿದ್ದರು. ಅವರು ಹೊಗಳಿದ್ದು ನನಗೆ ನೆನಪಿಲ್ಲ, ಬೈದದ್ದು ಬೇಕಾದಷ್ಟಿದೆ. ಆದರೆ ರೋಗಿಗಳ ವಿಷಯದಲ್ಲಿ ಅವರು ಹೇಳಿಕೊಟ್ಟದ್ದನ್ನು ಕೊನೆಯವರೆಗೂ ಪಾಲಿಸಿದೆ. "ಅವರು ಕೇಳಿದ್ರೆ ಇದ್ದದ್ದು ಹೇಳು. ಕೇಳದೆ ಇದ್ರೆ ನೀನಾಗಿ ಹೋಗಿ ಗಾಬರಿ ಹುಟ್ಟಿಸಬ್ಯಾಡ."

ಸರ್ ಹೋದ ಮೇಲೆ ವಾರ್ಡಿಗೆ ಡಾಕ್ಟರ್ ಮಂಜುಳಾ ಬಂದರು. ಅವರಿಗೆ ಹೇಳಿಕೊಡುವ ಉತ್ಸಾಹ. ಮಧ್ಯಾಹ್ನ ಊಟವಾದ ಮೇಲೆ ನರ್ಸುಗಳನ್ನೂ ನನ್ನನ್ನೂ ಕೂರಿಸಿಕೊಂಡು, ಒಂದೊಂದು ಔಷಧಿಯ ಕಥೆ ಹೇಳುತ್ತಿದ್ದರು. ರಕ್ತದ ಕ್ಯಾನ್ಸರಿಗೆ ನಾವು ದಿನಾ ಕಲಸುತ್ತಿದ್ದ ಸೈಟರಾಬೀನ್‌ಗೆ ದಾರಿ ತೋರಿಸಿದ್ದು ಸಮುದ್ರದ ಸ್ಪಂಜು ಎಂದು ನಾನು ಕೇಳಿದ್ದು ಹಾಗೆ. ಸ್ಪಂಜು ಎಂದರೆ ಪಾತ್ರೆ ತಿಕ್ಕುವ ವಸ್ತು ಎಂದಷ್ಟೇ ತಿಳಿದಿದ್ದೆ. ಅದು ಪ್ರಾಣಿಯಂತೆ. ಬಂಡೆಗೆ ಅಂಟಿಕೊಂಡು ಬದುಕುತ್ತದೆ. ಕಾಲಿಲ್ಲ, ಹಲ್ಲಿಲ್ಲ, ಓಡಲಾರದು, ಕಚ್ಚಲಾರದು. ತನ್ನನ್ನು ಉಳಿಸಿಕೊಳ್ಳಲು ಮೈಯೊಳಗೇ ಬಗೆಬಗೆಯ ರಸಾಯನ ತಯಾರಿಸಿಕೊಳ್ಳುತ್ತದೆ. ಅಂಥ ಒಂದು ಸ್ಪಂಜಿನಲ್ಲಿ ವಿಜ್ಞಾನಿಗಳಿಗೆ ವಿಚಿತ್ರ ಪದಾರ್ಥಗಳು ಸಿಕ್ಕವು. ನಮ್ಮ ಜೀವಕೋಶ ಬೆಳೆಯಲು ಬಳಸುವ ಸಾಮಗ್ರಿಯಂತೆಯೇ ಅವು ಕಾಣುತ್ತವೆ, ಆದರೆ ಒಂಚೂರು ಬೇರೆ. ಅದನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ ಔಷಧಿ ಇದು. ಕ್ಯಾನ್ಸರ್ ಕೋಶ ತನ್ನದೇ ಸಾಮಗ್ರಿ ಎಂದು ನಂಬಿ ಇದನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಅಲ್ಲಿಗೆ ಅದರ ಬೆಳವಣಿಗೆ ನಿಲ್ಲುತ್ತದೆ.

ಈ ಸೈಟರಾಬೀನಿನ ಜೊತೆಗೇ ನೆನಪಾಗುವವಳು ಹನುಮಕ್ಕ. ಹರಿಹರದ ಬಸ್ ನಿಲ್ದಾಣದ ಹತ್ತಿರ ಬುಟ್ಟಿ ಇಟ್ಟುಕೊಂಡು ಹೂವು ಮಾರುತ್ತಿದ್ದಳು. ಆಗ ನಮ್ಮ ಮನೆ ಇನ್ನೂ ಹರಿಹರದಲ್ಲಿತ್ತು. ದಾವಣಗೆರೆ ಬಸ್ಸು ಹತ್ತುವ ಮೊದಲು ಅವಳ ಹತ್ತಿರ ಸೇವಂತಿಗೆಯೋ ಕನಕಾಂಬರವೋ ತೆಗೆದುಕೊಳ್ಳುವುದು ನನ್ನ ರೂಢಿ. ಒಂದು ವಾರ ಬುಟ್ಟಿ ಕಾಣಲಿಲ್ಲ. ಆಮೇಲೆ ಅವಳು ನಮ್ಮ ವಾರ್ಡಿನಲ್ಲೇ ಕಂಡಳು. ಜ್ವರ, ಒಸಡಿನಲ್ಲಿ ರಕ್ತ, ರಕ್ತದ ಕ್ಯಾನ್ಸರ್. ಜೊತೆಗೆ ತಂಗಿ ಇದ್ದಳು, ರೇಣುಕಾ ಅಂತ.

ಮೊದಲ ಹಂತದ ಚಿಕಿತ್ಸೆಗೆ ರೋಗ ಬಗ್ಗಿತು. ಅದು ಮರಳಿ ಬಾರದಂತೆ ದೊಡ್ಡ ಪ್ರಮಾಣದಲ್ಲಿ ಸೈಟರಾಬೀನ್ ಕೊಡಬೇಕಿತ್ತು. ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಅದು ಕೆಲವರ ಮೆದುಳಿಗೆ ತಗಲುತ್ತದೆ. ನಡಿಗೆ ಓಲಾಡುತ್ತದೆ, ಮಾತು ತೊದಲುತ್ತದೆ, ಕೈ ಹಿಡಿತ ತಪ್ಪುತ್ತದೆ. ಬೇಗ ಗುರುತಿಸಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ತಡವಾದರೆ ಹಾಗೇ ಉಳಿದುಬಿಡಬಹುದು. ಆದ್ದರಿಂದ ಪ್ರತಿ ಸಲ ಔಷಧಿ ಕೊಡುವ ಮೊದಲು ರೋಗಿಯನ್ನು ನಡೆಸಿ, ಮಾತಾಡಿಸಿ ನೋಡುತ್ತಾರೆ, ಹಾಳೆಯ ಮೇಲೆ ಸಹಿ ಹಾಕಿಸುತ್ತಾರೆ. ನಿನ್ನೆಯ ಸಹಿಗೂ ಇವತ್ತಿನದಕ್ಕೂ ಹೋಲಿಸಿದರೆ ಕೈಯ ಸ್ಥಿತಿ ತಿಳಿಯುತ್ತದೆ.

ಹನುಮಕ್ಕನಿಗೆ ಸಹಿ ಬರುವುದಿಲ್ಲ. ಗೆರೆ ಎಳಿ, ಸೊನ್ನೆ ಬರಿ ಎಂದು ಡ್ಯೂಟಿ ಡಾಕ್ಟರ್ ಪೆನ್ನು ಕೊಟ್ಟರೆ ಅವಳಿಗೆ ನಾಚಿಕೆ. ಪೆನ್ನು ಹಿಡಿದು ಅಭ್ಯಾಸವೇ ಇಲ್ಲದ ಕೈ, ಮೊದಲ ದಿನವೇ ಸೊನ್ನೆ ಸೊಟ್ಟಗಿತ್ತು. ಇದರಲ್ಲಿ ಹೋಲಿಸುವುದೇನು ಎಂದು ಮಂಜುಳಾ ಮೇಡಂ ಯೋಚಿಸುತ್ತ ನಿಂತಾಗ ಹನುಮಕ್ಕನೇ ಹೇಳಿದಳು.

"ನನಗ ಪೆನ್ನು ಬ್ಯಾಡ್ರಿ. ದಾರ ಕೊಡ್ರಿ, ಕಟ್ಟಿ ತೋರಿಸ್ತೀನಿ."

ರಕ್ತದ ಕ್ಯಾನ್ಸರಿನವರ ಕೋಣೆಗೆ ಹೂವು ಬಿಡುವುದಿಲ್ಲ, ಸೋಂಕಿನ ಭಯ. ಮೇಡಂ ಒಪ್ಪಿ, ಹೊಸ ದಾರದ ಉಂಡೆಯನ್ನೂ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತುಂಡುಗಳನ್ನೂ ಕೊಡಿಸಿದರು. ಹನುಮಕ್ಕ ಬಟ್ಟೆಯ ತುಂಡುಗಳನ್ನು ಹೂವಿನಂತೆ ಮಡಚಿ, ಜೋಡಿಜೋಡಿಯಾಗಿ ಇಟ್ಟು ಗಂಟು ಹಾಕಿದಳು. ಇವಕ್ಕೆ ತೂಕವೇ ಇಲ್ಲ, ಗಂಟು ಕೂರುವುದಿಲ್ಲ ಎಂದು ಗೊಣಗಿದಳು. ಆದರೂ ಮಾಲೆ ಬಿಗಿಯಾಗಿತ್ತು. ಎತ್ತಿ ಒದರಿದರೂ ಒಂದು ತುಂಡು ಉದುರಲಿಲ್ಲ. ಅಂದಿನಿಂದ ಅವಳ ಮಾಲೆ ನೋಡಿದ ಮೇಲೆಯೇ ನನಗೆ ಫೋನು ಬರುವುದು, ಆಮೇಲೆಯೇ ನಾನು ಔಷಧಿ ಕಲಸುವುದು ಎಂದಾಯಿತು.

ಆ ಸುತ್ತಿನ ಕೊನೆಯ ದಿನದ ಬೆಳಿಗ್ಗೆ ಫೋನು ಬರಲಿಲ್ಲ. ನಾನೇ ವಾರ್ಡಿಗೆ ಹೋದೆ. ಹನುಮಕ್ಕ ಹಾಸಿಗೆಯ ಮೇಲೆ ಕೂತು ದಾರ ಹಿಡಿದಿದ್ದಳು. ಮಡಿಲಲ್ಲಿ ಬಟ್ಟೆ ತುಂಡುಗಳು ಬಿದ್ದಿದ್ದವು. ಕಟ್ಟಿದ್ದ ಭಾಗವನ್ನು ಎತ್ತಿದರೆ ಅವೂ ಉದುರಿದವು. ರೇಣುಕಾ, ಅಕ್ಕನಿಗೆ ನಿದ್ದೆಯಾಗಿಲ್ಲ, ಸುಸ್ತು ಅಷ್ಟೇ ಎಂದಳು. ಅಕ್ಕನ ಮಾತು ಸ್ಪಷ್ಟವಾಗೇ ಇತ್ತು. ಹನುಮಕ್ಕ ಮಾತ್ರ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಕೈ ಯಾಕೋ ನನ್ ಮಾತು ಕೇಳವಲ್ದು ಸಿಸ್ಟರ್" ಅಂದಳು. ನಾನು ಸಿಸ್ಟರ್ ಅಲ್ಲ, ಫಾರ್ಮಸಿಯವಳು ಎಂದು ರೋಗಿಗಳಿಗೆ ತಿದ್ದುವುದನ್ನು ಅಷ್ಟರಲ್ಲಿ ಬಿಟ್ಟುಬಿಟ್ಟಿದ್ದೆ.

ಡ್ಯೂಟಿ ಡಾಕ್ಟರ್ ಅವಳನ್ನು ಎಬ್ಬಿಸಿ ನಡೆಸಿದರು. ತಿರುಗುವಾಗ ಒಂದು ಪಕ್ಕಕ್ಕೆ ವಾಲಿದಳು. ಅವರು ತಕ್ಷಣ ಮಂಜುಳಾ ಮೇಡಂಗೆ ಫೋನು ಮಾಡಿದರು. ಮೇಡಂ ಬಂದು ನೋಡಿ, ಉಳಿದ ಔಷಧಿ ಕೊಡುವುದು ಬೇಡ ಎಂದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸ್ವಲ್ಪ ಸೋತದ್ದೂ ಕಂಡಿತು. ಔಷಧಿ ಹೊರಗೆ ಹೋಗದೆ ಮೈಯಲ್ಲೇ ನಿಂತಿತ್ತು.

ರೇಣುಕಾಳಿಗೆ ಬೇರೆ ಹೆದರಿಕೆ. ಅರ್ಧಕ್ಕೆ ನಿಲ್ಲಿಸಿದರೆ ರೋಗ ವಾಪಸ್ ಬರುವುದಿಲ್ಲವೇ ಎಂದು ಅತ್ತಳು. ಬರಬಹುದು, ಬರದೆಯೂ ಇರಬಹುದು, ಮುಂದಿನ ಸಲ ಕಡಿಮೆ ಪ್ರಮಾಣದಲ್ಲಿ ಬೇರೆ ರೀತಿ ಕೊಡೋಣ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಹನುಮಕ್ಕ ಅಳಲಿಲ್ಲ. ರೋಗ ಹೋಗಿ ಕೈ ಹೋದರೆ ತಾನು ಬದುಕುವುದು ಹೇಗೆ ಎಂದು ಒಮ್ಮೆ ಕೇಳಿದಳು, ಅಷ್ಟೇ. ಆ ದಿನಗಳಲ್ಲಿ ನನಗೆ ಹರಿಹರದ ಬಸ್ ನಿಲ್ದಾಣದಲ್ಲಿ ಅವಳು ಕೂರುತ್ತಿದ್ದ ಜಾಗ ನೋಡಲು ಆಗುತ್ತಿರಲಿಲ್ಲ, ಆ ಕಡೆ ಮುಖ ತಿರುಗಿಸದೆ ಬಸ್ಸು ಹತ್ತುತ್ತಿದ್ದೆ.

ಕೈ ಹಿಂದಿರುಗಿದ್ದು ನಿಧಾನಕ್ಕೆ. ಮೊದಲು ಲೋಟ ಹಿಡಿದಳು, ಆಮೇಲೆ ಗುಂಡಿ ಹಾಕಿಕೊಂಡಳು. ಒಂದು ಬೆಳಿಗ್ಗೆ ನಾನು ಹೋದಾಗ ಮೊಳದುದ್ದದ ಬಟ್ಟೆಯ ಮಾಲೆಯನ್ನು ನನ್ನ ಕಡೆ ಚಾಚಿ, "ಎಳೆದು ನೋಡ್ರಿ" ಅಂದಳು. ಎಳೆದೆ. ಉದುರಲಿಲ್ಲ. ಉಳಿದ ಚಿಕಿತ್ಸೆ ಕಡಿಮೆ ಪ್ರಮಾಣದಲ್ಲಿ ಮುಗಿಯಿತು. ಅವಳು ಈಗಲೂ ಹೂವು ಮಾರುತ್ತಾಳೆ. ತಪಾಸಣೆಗೆ ಬಂದಾಗ ವಾರ್ಡಿನ ಹೊರಗೇ ನಿಂತು ನರ್ಸುಗಳಿಗೆಲ್ಲ ಹೂವು ಹಂಚಿ ಹೋಗುತ್ತಾಳಂತೆ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ ಎಂಬುದನ್ನೂ ಹೊಸಬರಿಗೆ ಹೇಳಬೇಕು.

ನಂದಿಗುಡಿಯ ಪಾರ್ವತಮ್ಮನವರು ಸ್ತನದ ಕ್ಯಾನ್ಸರಿಗೆ ನಮ್ಮಲ್ಲಿ ಬಹಳ ಕಾಲ ಚಿಕಿತ್ಸೆ ಪಡೆದವರು. ಗಂಡ ಹಾಲಪ್ಪ, ಭತ್ತದ ಗದ್ದೆಯವರು. ಒಂದು ಭೇಟಿಯನ್ನೂ ತಪ್ಪಿಸಿದವರಲ್ಲ. ಹೆಂಡತಿಯ ಚಪ್ಪಲಿಯನ್ನು ತಾವೇ ಕೈಯಲ್ಲಿ ಹಿಡಿದು ವಾರ್ಡಿನ ಬಾಗಿಲಲ್ಲಿ ಕೂರುತ್ತಿದ್ದರು. ಎರಡು ಬಗೆಯ ಔಷಧಿಗಳಿಗೆ ಬಗ್ಗಿದ ರೋಗ ಮತ್ತೆ ತಲೆಯೆತ್ತಿ ಲಿವರಿಗೆ ಹೋದಾಗ ಮಂಜುಳಾ ಮೇಡಂ ಎರಿಬುಲಿನ್ ಎಂಬ ಹೊಸ ಇಂಜೆಕ್ಷನ್ ಬರೆದರು. ಅದೂ ಸಮುದ್ರದ ಇನ್ನೊಂದು ಜಾತಿಯ ಸ್ಪಂಜನ್ನು ನೋಡಿ ಮಾಡಿದ್ದೇ. ರೋಗ ಪೂರ್ತಿ ವಾಸಿಯಾಗುವುದಿಲ್ಲ, ಒಂದಷ್ಟು ಒಳ್ಳೆಯ ದಿನಗಳು ಸಿಗಬಹುದು ಎಂದು ಮೇಡಂ ಗಂಡ ಹೆಂಡತಿ ಇಬ್ಬರಿಗೂ ತಿಳಿಸಿದ್ದರು.

ಮೊದಲ ದಿನ ನರ್ಸ್ ಸಿರಿಂಜಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೊಟ್ಟು ಮುಗಿಸಿದರು. ಹಿಂದಿನ ಔಷಧಿಗಳೆಲ್ಲ ಗಂಟೆಗಟ್ಟಲೆ ಡ್ರಿಪ್ಪಿನಲ್ಲಿ ಇಳಿಯುತ್ತಿದ್ದವು. ಪಾರ್ವತಮ್ಮನವರಿಗೆ ನಂಬಿಕೆ ಬರಲಿಲ್ಲ. ನನ್ನನ್ನು ಕರೆದು, ಪೂರ್ತಿ ಹಾಕಿದ್ದೀರಾ, ಉಳಿಸಿಕೊಂಡಿದ್ದೀರಾ ಎಂದು ಕೇಳಿದರು. ಇದು ಇಷ್ಟೇ ಎಂದು ಖಾಲಿ ಬಾಟಲು ತೋರಿಸಿದೆ. ಇಷ್ಟೇ ಇಷ್ಟು ಇರುವ ಇದು ಯಾವುದರಿಂದ ಮಾಡಿದ್ದು ಎಂದರು. ಆಕೆ ಮಠಕ್ಕೆ ನಡೆದುಕೊಳ್ಳುವ ಮನೆತನದವರು, ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯದವರು. ಕೇಳಿದ ಮೇಲೆ ಸುಳ್ಳು ಹೇಳುವಂತಿರಲಿಲ್ಲ. ಸಮುದ್ರದ ಸ್ಪಂಜು ಎಂಬ ಜೀವಿಯಲ್ಲಿ ಮೊದಲು ಸಿಕ್ಕಿದ್ದು ಎಂದೆ.

ಹಾಲಪ್ಪನವರು ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿತ್ತು. ಎಲ್ಲಿ ಮುಂದಿನ ಇಂಜೆಕ್ಷನ್ ಬೇಡ ಎನ್ನುತ್ತಾಳೋ ಎಂಬ ಭಯ ಅವರದು. ನನಗೂ ಅದೇ ಭಯ.

"ಈಗಲೂ ಅದನ್ನ ಹಿಡಿದು ಕೊಲ್ತಾರೇನ್ರಿ?" ಪಾರ್ವತಮ್ಮ ಕೇಳಿದರು.

"ಇಲ್ರಿ ಅಮ್ಮಾರೆ. ಮೊದಮೊದಲು ಹಿಡಿದಿದ್ದರು. ಅದರೊಳಗೆ ಏನೈತೆ ಅಂತ ತಿಳಿದ ಮ್ಯಾಲೆ ಈಗ ಪೂರ್ತಿ ಕಾರ್ಖಾನೇಲೇ ಮಾಡ್ತಾರೆ."

ಆಕೆ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡರು. "ಹಂಗಾದ್ರೆ ಅದರ ಋಣ ನನ್ ಮ್ಯಾಲೈತೆ. ತೀರಿಸಾಕ ಆಗದಿದ್ರೂ ನೆನೆಸ್ಕೊಬಹುದು" ಎಂದು ಹೇಳಿ ಕಣ್ಣು ಮುಚ್ಚಿಕೊಂಡರು. ಮುಂದಿನ ವಾರ ಇಂಜೆಕ್ಷನ್ನಿಗೆ ಬಂದರು.

ಔಷಧಿ ಕೆಲಸ ಮಾಡಿತು. ಬೆರಳ ತುದಿಗಳು ಜೋಮು ಹಿಡಿದವು, ಕೂದಲು ಉದುರಿತು. ಆದರೆ ಊಟ ಸೇರತೊಡಗಿತು, ಹೊಟ್ಟೆಯ ನೋವು ಇಳಿಯಿತು. ಸ್ವಲ್ಪ ಚೇತರಿಸಿಕೊಂಡಾಗ ಮಗಳು ಅಳಿಯ ಸೇರಿ ಅವರನ್ನು ಕಾರಿನಲ್ಲಿ ಗೋಕರ್ಣಕ್ಕೆ ಕರೆದೊಯ್ದರು. ಕಡಲ ದಂಡೆಯಲ್ಲಿ ಪಾರ್ವತಮ್ಮ ಮೊಣಕಾಲುದ್ದದ ನೀರಿನಲ್ಲಿ ನಿಂತು, ಅರಿಶಿನ ಕುಂಕುಮ ಬಿಟ್ಟು, ಹಾಲು ಹೊಯ್ದು ಕೈ ಮುಗಿದರಂತೆ. ಅಳಿಯ ದೇವರಿಗೆ ಎಂದುಕೊಂಡ. ಆಕೆ ಮುಗಿದದ್ದು ಆ ಜೀವಿಗೆ ಎಂದು ಹಾಲಪ್ಪನವರಿಗೆ ಮಾತ್ರ ಗೊತ್ತಿತ್ತು.

ಅಲ್ಲಿಂದ ಬಂದ ಮೇಲೆ ಹಾಲಪ್ಪ ಒಂದು ಪ್ಲಾಸ್ಟಿಕ್ ಚೀಲ ಹಿಡಿದು, ಔಷಧಿ ಕೊಡುವ ನನ್ನ ಕಿಟಕಿಗೆ ಬಂದರು. ಒಳಗೆ ಒಣಗಿದ ಸ್ಪಂಜು. ಅಲ್ಲಿಯ ಅಂಗಡಿಯಲ್ಲಿ ಕೊಂಡದ್ದು. ಇದನ್ನೇ ನೆನೆಸಿ ಕಷಾಯ ಮಾಡಿ ಕುಡಿಸಿದರೆ ಇನ್ನೂ ಬೇಗ ಗುಣವಾಗಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಮೊದಲು ನಿಮ್ಮನ್ನು ಕೇಳಿ ಎಂದು ಹೆಂಡತಿಯೇ ತಡೆದು ಕಳಿಸಿದ್ದರು. ನಗು ಬಂದರೂ ನಗಲಿಲ್ಲ. ಸ್ಪಂಜುಗಳಲ್ಲಿ ಸಾವಿರಾರು ಜಾತಿ, ಇದು ಮೈ ತಿಕ್ಕುವ ಜಾತಿ, ಕುಡಿಸಿದರೆ ಹೊಟ್ಟೆ ಕೆಡುತ್ತದೆ ಅಷ್ಟೇ ಎಂದು ವಿವರಿಸಿದೆ. ಪೆಚ್ಚಾಗಿ ನಿಂತರು. ಪಾರ್ವತಮ್ಮ ಮಾತ್ರ ಇದನ್ನು ಕೇಳಿ, ವಾರ್ಡಿನ ಹಾಸಿಗೆಯಲ್ಲಿ ಮಲಗಿಕೊಂಡೇ ಮನಸಾರೆ ನಕ್ಕರು. ಆಕೆ ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಳ್ಳೆಯ ದಿನಗಳು ಒಂದು ವರ್ಷದ ಹತ್ತಿರ ಬಂದವು. ಆಮೇಲೆ ಒಂದು ಸಲ ರಕ್ತದ ಕಣಗಳು ಕಡಿಮೆಯಾಗಿ ಇಂಜೆಕ್ಷನ್ ಮುಂದಕ್ಕೆ ಹೋಯಿತು. ಕೊಂಡಿದ್ದ ಬಾಟಲನ್ನು ಅವರು ಮನೆಗೆ ಒಯ್ದರು. ಅದನ್ನು ಹಾಕಿಸಿಕೊಳ್ಳಲು ಪಾರ್ವತಮ್ಮ ಮತ್ತೆ ಬರಲಿಲ್ಲ. ಕಾಮಾಲೆ ಏರಿ, ಮನೆಯಲ್ಲೇ ತೀರಿಕೊಂಡರು.

ಕೆಲವು ವಾರಗಳ ನಂತರ ಹಾಲಪ್ಪ ಒಬ್ಬರೇ ಬಂದರು. ಒಗೆದ ಟವೆಲ್ಲಿನಲ್ಲಿ ಸುತ್ತಿದ ಬಾಟಲನ್ನು ಕಿಟಕಿಯಲ್ಲಿಟ್ಟರು. ಇದೇ ರೋಗದ ಯಾರಿಗಾದರೂ, ಕೊಳ್ಳಲಾಗದವರಿಗೆ ಹಾಕಿ, ಅವಳೇ ಹೇಳಿ ಹೋಗಿದ್ದಾಳೆ ಎಂದರು.

ನನ್ನ ಕೆಲಸದಲ್ಲಿ ಬಾಯಿಂದ ಹೊರಡಿಸಲು ಅತ್ಯಂತ ಕಷ್ಟವಾದ ಮಾತು ಇದಕ್ಕೆ ಕೊಟ್ಟ ಉತ್ತರ. ಆಸ್ಪತ್ರೆಯ ಬಾಗಿಲು ದಾಟಿ ಹೋದ ಬಾಟಲನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ. ಯಾವ ಬಿಸಿಲಲ್ಲಿತ್ತೋ, ಎಷ್ಟು ಸೆಕೆ ತಗುಲಿತೋ ಗೊತ್ತಿಲ್ಲ. ಕೆಟ್ಟಿದ್ದರೆ ನೋಡಲು ಹಾಗೇ ಇರುತ್ತದೆ. ಹಾಗೆಂದು ಹೇಳಿದೆ. ತಾನು ದೇವರ ಕೋಣೆಯ ಗೋಡೆಯ ಮಾಡದಲ್ಲಿ, ತಂಪಿನಲ್ಲಿ ಇಟ್ಟಿದ್ದೆ ಎಂದರು. ನಿಮ್ಮ ಮೇಲೆ ನಂಬಿಕೆಯಿದೆ, ಆದರೂ ಆಗುವುದಿಲ್ಲ ಎಂದೆ. ಅವರು ಬಾಟಲನ್ನು ಮತ್ತೆ ಕೈಗೆತ್ತಿಕೊಂಡರು.

"ಹಂಗಾದ್ರೆ ಕಡಲಿಗೇ ಬಿಟ್ಟು ಬರ್ಲಾ ಅಕ್ಕಾರೆ?"

"ಬ್ಯಾಡ್ರಿ ಯಜಮಾನ್ರೆ. ಕಾಯಿಲೆಯವರಿಗೆ ಔಷಧಿ, ಅಲ್ಲಿರೋ ಜೀವಿಗಳಿಗೆ ವಿಷ."

ಅದು ಅವರಿಗೆ ತಟ್ಟನೆ ಅರ್ಥವಾಯಿತು. ಬಾಟಲನ್ನು ನನ್ನ ಕೈಗೆ ಕೊಟ್ಟರು. ಇಂಥ ಔಷಧಿಗಳನ್ನು ಸುಡಲು ಕಳಿಸುವ ಹಳದಿ ಡಬ್ಬಿಗೆ ನಾನು ಅದನ್ನು ಹಾಕುವವರೆಗೂ ನಿಂತು ನೋಡಿದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟರು.

ಹೊರಗೆ ಬೆಂಚಿನ ಮೇಲೆ ಚೀಟಿ ಹಿಡಿದ ಒಬ್ಬ ಹೆಂಗಸು ಕೂತಿದ್ದಳು. ಮಗ್ಗುಲಲ್ಲಿ ಗಂಡ. ಅದೇ ಇಂಜೆಕ್ಷನ್, ಅವಳಿಗೆ ಮೊದಲ ಸಲ. ಗಂಡ ಚೀಟಿಯಲ್ಲಿದ್ದ ಹೆಸರನ್ನು ಕೂಡಿಸಿ ಓದಲು ಒದ್ದಾಡುತ್ತಿದ್ದ. ಹಾಲಪ್ಪ ಅವರನ್ನು ದಾಟಿ ಎರಡು ಹೆಜ್ಜೆ ಹೋದವರು ನಿಂತರು. ತಿರುಗಿ ಬಂದು ಅವರ ಪಕ್ಕ ಕೂತರು. ನನಗೆ ಕಿಟಕಿಯಿಂದ ಕೇಳಿಸುತ್ತಿತ್ತು. ನಮ್ಮ ಮನೆಯವಳಿಗೂ ಇದನ್ನೇ ಹಾಕಿದ್ದರು, ಇದು ಬೇಗ ಮುಗಿಯುತ್ತದೆ, ಮೋಸ ಎಂದುಕೊಳ್ಳಬೇಡ, ಬೆರಳು ಜೋಮು ಹಿಡಿದರೆ ಮುಚ್ಚಿಡದೆ ಡಾಕ್ಟರಿಗೆ ಹೇಳು, ಬಾಯಿ ಹುಣ್ಣಾದಾಗ ಗಂಜಿಗೆ ಮಜ್ಜಿಗೆ ಬೆರೆಸಿಕೋ ಎಂದೆಲ್ಲ ಹೇಳುತ್ತಿದ್ದರು. ಆ ಹೆಂಗಸು ತಲೆಯೆತ್ತಿ ಕೇಳತೊಡಗಿದಳು. ನಿಮ್ಮ ಮನೆಯವರು ಈಗ ಹೇಗಿದ್ದಾರೆ ಎಂದು ಗಂಡ ಕೇಳಿದ. ಹಾಲಪ್ಪ ಹೆಗಲ ಟವೆಲ್ಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೋದ್ಲಪ್ಪ. ಆದ್ರೆ ಇದನ್ನ ತಗಂಡ ಮ್ಯಾಲೆ ಒಂದ್ ವರ್ಷ ನನ್ ಜೊತಿಗೆ ಉಂಡ್ಲು, ತಿರುಗಾಡಿದ್ಲು, ಕಡಲು ನೋಡಿದ್ಲು."

ಅಷ್ಟರಲ್ಲಿ ಔಷಧಿ ಸಿದ್ಧವಾಗಿತ್ತು. ನರ್ಸ್ ಬಾಗಿಲಿಗೆ ಬಂದು ಆ ಹೆಂಗಸಿನ ಹೆಸರು ಕರೆದರು. ಅವಳು ಎದ್ದು ಎರಡು ಹೆಜ್ಜೆ ಇಟ್ಟು, ಹಿಂದಿರುಗಿ ನೋಡಿದಳು. ಹಾಲಪ್ಪ ಬಗ್ಗಿ, ಅವಳು ಬಿಟ್ಟ ಚಪ್ಪಲಿಗಳನ್ನು ಬೆಂಚಿನ ಕೆಳಗೆ ಸರಿಸಿ, "ಹೋಗ್ ಬಾರವ್ವ, ನಾವ್ ಇಲ್ಲೇ ಕುಂತಿರ್ತೀವಿ" ಅಂದರು.